ವಿಸಿಲ್ ಊದದ ಗೋಲು, ನಾಲ್ಕು ಕೋಟಿಯ ದಂಡ

ಮಾರ್ಚ್ 31ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕೇರಳ ಬ್ಲಾಸ್ಟರ್ಸ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ಕೋಚ್ ಇವಾನ್ ವುಕೊಮನೊವಿಚ್ ಅವರಿಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ದಂಡ. ಸಾರ್ವಜನಿಕವಾಗಿ ಕ್ಷಮೆ ಕೇಳದಿದ್ದರೆ ಕ್ಲಬ್ಬಿನ ದಂಡ 6 ಕೋಟಿಗೆ, ಕೋಚ್ ದಂಡ 10 ಲಕ್ಷಕ್ಕೆ ಏರುತ್ತದೆ ಎಂಬ ಷರತ್ತೂ ಇತ್ತು. ಎರಡೇ ದಿನಗಳಲ್ಲಿ ಕ್ಷಮೆಯ ಹೇಳಿಕೆಗಳು ಹೊರಬಂದವು. ಫೆಡರೇಷನ್ನಿನ ಲೆಕ್ಕದಲ್ಲಿ ಪ್ರಕರಣ ಬಹುಪಾಲು ಮುಗಿದಂತೆ.

ಆದರೆ ಆ ಆದೇಶ ಉತ್ತರಿಸಿದ್ದು ಒಂದು ಪ್ರಶ್ನೆಗೆ ಮಾತ್ರ: ರೆಫರಿಯ ತೀರ್ಪು ಒಪ್ಪಿಗೆಯಾಗದಿದ್ದರೆ ತಂಡವೊಂದು ಮೈದಾನ ಬಿಟ್ಟು ನಡೆಯಬಹುದೇ? ಬಾರದು ಎಂಬುದರಲ್ಲಿ ನನಗಂತೂ ಅನುಮಾನವಿಲ್ಲ. ಅಭಿಮಾನಿಗಳು ಕೇಳುತ್ತಿರುವ ಪ್ರಶ್ನೆ ಬೇರೆ. ರೆಫರಿ ಒಂದು ಕಡೆಗೆ ವಾಲಿದ್ದರೇ? ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. 2023ರ ಏಪ್ರಿಲ್ 16ರಂದು ಕೋಯಿಕ್ಕೋಡಿನಲ್ಲಿ ಸೂಪರ್ ಕಪ್‌ನ ಪಂದ್ಯಕ್ಕೆ ಇವೇ ಎರಡು ತಂಡಗಳು ಮತ್ತೆ ಎದುರಾದವು, ಈ ಬಾರಿ ಗ್ಯಾಲರಿ ತುಂಬ ಹಳದಿ ಅಂಗಿಗಳ ನಡುವೆ. ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ನೋಡದವರಿಗಾಗಿ ಘಟನೆ ಹೀಗೆ. ಮಾರ್ಚ್ 3, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನಲ್ಲಿ 2022-23ರ ಋತುವಿನಲ್ಲಿ ಪ್ಲೇ-ಆಫ್‌ನ ಸ್ವರೂಪ ಬದಲಾಗಿತ್ತು. ಮೂರರಿಂದ ಆರನೇ ಸ್ಥಾನದವರೆಗಿನ ನಾಲ್ಕು ತಂಡಗಳು ಸೆಮಿಫೈನಲ್ ಸೇರಲು ಒಂದೊಂದೇ ಪಂದ್ಯ ಆಡಬೇಕಿತ್ತು, ಅದೂ ಪಟ್ಟಿಯಲ್ಲಿ ಮೇಲಿರುವ ತಂಡದ ತವರಿನಲ್ಲಿ. ನಾಲ್ಕನೆಯ ಬೆಂಗಳೂರು ಎಫ್‌ಸಿ, ಐದನೆಯ ಕೇರಳ ಬ್ಲಾಸ್ಟರ್ಸ್. ನಿಗದಿತ 90 ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯದ ಆರೇಳು ನಿಮಿಷ ಕಳೆದಿರಬೇಕು, ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಇನ್ನೂ ಆಟಗಾರರ ಗೋಡೆ ನಿಲ್ಲಿಸುತ್ತಿದ್ದಾಗಲೇ ಸುನಿಲ್ ಚೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ವಾದ, ಕೂಗಾಟ, ಕೊನೆಗೆ ವುಕೊಮನೊವಿಚ್ ತಮ್ಮ ಹುಡುಗರನ್ನು ಒಳಗೆ ಕರೆದುಕೊಂಡು ಹೋದರು. ಅವರು ಮರಳಲಿಲ್ಲ. ಬೆಂಗಳೂರು 1-0ಯಿಂದ ಗೆದ್ದಿತು ಎಂದು ಘೋಷಿಸಲಾಯಿತು. ಇನ್ನೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಆಟ ಬಾಕಿ ಇತ್ತು. ಒಂದು ಗೋಲು ತೀರಿಸಲು ಅದು ಧಾರಾಳ ಸಮಯ.

ನಾನು ಪುತ್ತೂರಿನವನು. ಕುಂಬಳೆಯಲ್ಲಿರುವ ನನ್ನ ಭಾವ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಮಲಯಾಳ ಮಾತನಾಡುವ ಮನುಷ್ಯ. ಬ್ಲಾಸ್ಟರ್ಸ್‌ನ ಕಟ್ಟಾ ಅಭಿಮಾನಿ. ಗೋಲಾದ ಅರ್ಧ ನಿಮಿಷಕ್ಕೆ ಅವರ ಧ್ವನಿ ಸಂದೇಶ ಬಂತು: “ಎಂತ ಮಾರಾಯ, ವಿಸಿಲ್ ಊದದೆ ಗೋಲು ಕೊಡುವುದು ಯಾವ ಊರಿನ ನ್ಯಾಯ? ನಿಮ್ಮ ಊರು, ನಿಮ್ಮ ರೆಫರಿ!” ನನ್ನ ಪಕ್ಕದಲ್ಲಿ ಕೂತು ಪಂದ್ಯ ನೋಡುತ್ತಿದ್ದವರು ಮಣಿಪುರದ ಇಬ್ಬರು ಹುಡುಗರು. ಮುನಿರ್ಕಾದ ಗಲ್ಲಿಗಳಲ್ಲಿ ಈಶಾನ್ಯದ ವಿದ್ಯಾರ್ಥಿಗಳು ಬಹಳ, ಫುಟ್‌ಬಾಲ್ ಅವರಿಗೆ ಊಟದಷ್ಟೇ ಸಹಜ. ಬೆಂಗಳೂರಿನಲ್ಲಿ ಸುರೇಶ್, ರೋಶನ್, ಉದಾಂತ ಇದ್ದರೆ ಕೇರಳದಲ್ಲಿ ಜೀಕ್ಸನ್ ಸಿಂಗ್. ಎಲ್ಲರೂ ಅವರ ಊರಿನವರೇ. ಹಾಗಾಗಿ ಆ ಕೋಣೆಯಲ್ಲಿ ಪಕ್ಷವಿಲ್ಲದವರು ಎಂದರೆ ಅವರಿಬ್ಬರೇ. ಅವರು ನ್ಯಾಯ ಅನ್ಯಾಯದ ಮಾತೇ ಆಡಲಿಲ್ಲ. “ಲೂನಾಗೆ ಗೊತ್ತಿತ್ತಾ ಇಲ್ವಾ?” ಎಂದು ಹಿಂದಿಯಲ್ಲಿ ವಾದಕ್ಕೆ ಇಳಿದರು. ಒಂದು ತಿಂಗಳಿಂದ ಓದಿದ ವಿಶ್ಲೇಷಣೆಗಳಲ್ಲೆಲ್ಲ ಇಷ್ಟು ಗುರಿಗೆ ತಾಗಿದ ಪ್ರಶ್ನೆ ನನಗೆ ಸಿಕ್ಕಿಲ್ಲ.

ಯಾಕೆಂದರೆ ವಿಸಿಲ್ ಊದದೆ ಫ್ರೀ ಕಿಕ್ ತೆಗೆದುಕೊಳ್ಳುವುದು ನಿಯಮಬಾಹಿರವಲ್ಲ. ಫುಟ್‌ಬಾಲ್ ನಿಯಮಾವಳಿಯ 13ನೇ ನಿಯಮ ಬೇಗನೆ ತೆಗೆದುಕೊಳ್ಳುವ ಫ್ರೀ ಕಿಕ್‌ಗೆ ಸ್ಪಷ್ಟವಾಗಿ ಅವಕಾಶ ಕೊಡುತ್ತದೆ. ತಪ್ಪು ಮಾಡಿದ ತಂಡ ಸಾವರಿಸಿಕೊಳ್ಳುವವರೆಗೆ ತಪ್ಪಿಗೆ ಗುರಿಯಾದ ತಂಡ ಕಾಯಬೇಕಿಲ್ಲ ಎಂಬುದು ಅದರ ಹಿಂದಿನ ತರ್ಕ. ಎದುರಾಳಿ 9.15 ಮೀಟರ್ ದೂರ ಹೋಗಿರದಿದ್ದರೂ ಚೆಂಡು ಒದೆಯಬಹುದು, ಆ ಅಪಾಯ ಒದೆಯುವವನದ್ದು. ರೆಫರಿ ಗೋಡೆಯನ್ನು ಹಿಂದೆ ಸರಿಸಿ ನಿಲ್ಲಿಸಿದಾಗ, ಕಾರ್ಡ್ ತೋರಿಸಿದಾಗ, ಗಾಯ ಅಥವಾ ಬದಲಿ ಆಟಗಾರನಿಗಾಗಿ ಆಟ ನಿಂತಾಗ ಮಾತ್ರ ವಿಸಿಲ್ ಬೇಕು. ಪಂದ್ಯದ ನಂತರ ಚೆಟ್ರಿ ಹೇಳಿದ್ದೂ ಇದನ್ನೇ. ತನಗೆ ವಿಸಿಲ್ ಬೇಡ, ಗೋಡೆ ಸರಿಸುವುದೂ ಬೇಡ ಎಂದು ರೆಫರಿಗೆ ತಿಳಿಸಿದ್ದಾಗಿಯೂ, ರೆಫರಿ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡಿದ್ದಾಗಿಯೂ, ಮೊದಲ ಯತ್ನವನ್ನು ಎದುರಿಗಿದ್ದ ಅಡ್ರಿಯಾನ್ ಲೂನಾ ತಡೆದಿದ್ದಾಗಿಯೂ ಅವರು ವಿವರಿಸಿದರು. ಕೇರಳದವರ ವಾದ ಇದಕ್ಕೆ ತದ್ವಿರುದ್ಧ. ಅಷ್ಟು ಹೊತ್ತು ಕಳೆದ ಮೇಲೆ ಅದನ್ನು ಬೇಗನೆ ತೆಗೆದುಕೊಂಡ ಕಿಕ್ ಎನ್ನುವುದು ಹೇಗೆ?

ಈ ಎರಡನೆಯ ವಾದವನ್ನು ಬೆಂಗಳೂರಿನ ಅಭಿಮಾನಿಗಳು ಸುಲಭವಾಗಿ ತಳ್ಳಿಹಾಕಿದರು. ನಾನೂ ಬೆಂಗಳೂರು ಬೆಂಬಲಿಗನೇ, ಆದರೆ ಅದು ತಳ್ಳಿಹಾಕುವಂಥ ವಾದವಲ್ಲ. ‘ಬೇಗನೆ’ ಎಂದರೆ ಎಷ್ಟು ಸೆಕೆಂಡು ಎಂದು ನಿಯಮ ಹೇಳುವುದಿಲ್ಲ. ಅದನ್ನು ರೆಫರಿಯ ವಿವೇಚನೆಗೆ ಬಿಟ್ಟಿದೆ. ಕ್ರಿಸ್ಟಲ್ ಜಾನ್ ತಮ್ಮ ವಿವೇಚನೆ ಬಳಸಿದರು. ನಿಯಮದ ಅಕ್ಷರಕ್ಕೆ ಅದು ಸರಿ ಎಂದೇ ನನ್ನ ಅಭಿಪ್ರಾಯ. ತೊಡಕಿರುವುದು ಆ ವಿವೇಚನೆಯ ಸುದ್ದಿ ಯಾರಿಗೆ ಮುಟ್ಟಿತು ಎಂಬಲ್ಲಿ. ಚೆಟ್ರಿಗೆ ಮುಟ್ಟಿತ್ತು. ಲೂನಾಗೆ ಪ್ರಾಯಶಃ ಮುಟ್ಟಿತ್ತು. ಗೋಲ್‌ಕೀಪರ್‌ಗೆ ಮುಟ್ಟಿರಲಿಲ್ಲ. ಗ್ಯಾಲರಿಯಲ್ಲಿದ್ದವರಿಗೆ, ಟಿವಿ ಮುಂದಿದ್ದವರಿಗೆ, ಕುಂಬಳೆಯ ಭಾವನಿಗೆ ಮುಟ್ಟುವ ದಾರಿಯೇ ಇರಲಿಲ್ಲ. ಒಬ್ಬ ಆಟಗಾರ ಮತ್ತು ರೆಫರಿ ನಡುವೆ ಏನೋ ಮಾತಾಯಿತು, ಗೋಲಾಯಿತು, ಪಂದ್ಯ ಮುಗಿಯಿತು. ದೂರದಿಂದ ನೋಡುವವರಿಗೆ ಒಳಒಪ್ಪಂದ ಕಾಣುವುದು ಹೀಗೆಯೇ, ಅಲ್ಲಿ ಒಪ್ಪಂದ ಇರಲಿ ಇಲ್ಲದಿರಲಿ.

ನಮ್ಮ ವೃತ್ತಿಯಲ್ಲಿ ತಪ್ಪು ಮತ್ತು ವಾಲುವಿಕೆ ಎರಡನ್ನೂ ಬೇರೆಬೇರೆ ಇಟ್ಟು ನೋಡುವ ಅಭ್ಯಾಸವಿದೆ. ತಕ್ಕಡಿ ಒಮ್ಮೆ ನೂರು ಗ್ರಾಂ ಹೆಚ್ಚು, ಇನ್ನೊಮ್ಮೆ ನೂರು ಗ್ರಾಂ ಕಡಿಮೆ ತೋರಿಸಿದರೆ ಅದು ಕೆಟ್ಟ ತಕ್ಕಡಿ. ಯಾವಾಗಲೂ ಅಂಗಡಿಯವನ ಕಡೆಗೇ ನೂರು ಗ್ರಾಂ ಜಾರಿದರೆ ಅದು ವಾಲಿದ ತಕ್ಕಡಿ. ಒಂದೇ ಸಲ ತೂಗಿ ಯಾವುದು ಎಂದು ಹೇಳಲಾಗದು. ಪ್ಲೇ-ಆಫ್‌ನ ಕಷ್ಟ ಇಲ್ಲೇ ಇದೆ. 2022-23ರ ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 20 ಪಂದ್ಯ ಇದ್ದವು. ಒಂದು ಪೆನಾಲ್ಟಿ ಕೈತಪ್ಪಿದರೆ ಇನ್ನೊಂದು ಎಲ್ಲೋ ಸಿಗುತ್ತದೆ, ವರ್ಷದ ಕೊನೆಗೆ ಹೆಚ್ಚುಕಡಿಮೆ ಸರಿದೂಗುತ್ತದೆ. ಒಂದೇ ಪಂದ್ಯದ ನಾಕೌಟ್‌ನಲ್ಲಿ ಸರಿದೂಗಲು ಮುಂದಿನ ವಾರವೇ ಇಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಪ್ಲೇ-ಆಫ್‌ನಲ್ಲಿ ಒಂದೇ ಎದುರಾಳಿಯ ಮೇಲೆ ಏಳು ಪಂದ್ಯಗಳವರೆಗೆ ಆಡಿಸುತ್ತದೆ. ಅಲ್ಲೂ ಅನುಮಾನ ಸಾಯುವುದಿಲ್ಲ. 2002ರ ಲಾಸ್ ಏಂಜಲೀಸ್ ಲೇಕರ್ಸ್–ಸ್ಯಾಕ್ರಮೆಂಟೊ ಕಿಂಗ್ಸ್ ಸರಣಿಯ ಆರನೇ ಪಂದ್ಯದ ಕೊನೆಯ ಕಾಲುಭಾಗವೊಂದರಲ್ಲೇ ಲೇಕರ್ಸ್‌ಗೆ 27 ಫ್ರೀ ಥ್ರೋ ಸಿಕ್ಕವು. ಅವರು ಗೆದ್ದದ್ದು ನಾಲ್ಕು ಅಂಕಗಳಿಂದ. ಇಪ್ಪತ್ತು ವರ್ಷ ಕಳೆದರೂ ಸ್ಯಾಕ್ರಮೆಂಟೊದಲ್ಲಿ ಆ ಮಾತು ತಣ್ಣಗಾಗಿಲ್ಲ. ಅದಕ್ಕೆ ತುಪ್ಪ ಸುರಿದದ್ದು 2007ರಲ್ಲಿ ಹೊರಬಿದ್ದ ಟಿಮ್ ಡೊನಾಗಿ ಪ್ರಕರಣ. ತಾನೇ ನಡೆಸಿಕೊಡುತ್ತಿದ್ದ ಪಂದ್ಯಗಳ ಮೇಲೂ ಬಾಜಿ ಕಟ್ಟಿದ ಈ ರೆಫರಿ ಜೈಲಿಗೆ ಹೋದ.

ಡೊನಾಗಿಯಂಥವರು ಅಪರೂಪ. ಹೆಚ್ಚು ಸಾಮಾನ್ಯವಾದದ್ದು ರೆಫರಿಗೂ ಅರಿವಿಲ್ಲದ ವಾಲುವಿಕೆ. ಇದರ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. 2002ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ 40 ರೆಫರಿಗಳಿಗೆ ಒಂದೇ ಪಂದ್ಯದ ವಿಡಿಯೊ ತೋರಿಸಿದರು, ಕೆಲವರಿಗೆ ಪ್ರೇಕ್ಷಕರ ಸದ್ದಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. ಸದ್ದು ಕೇಳಿಸಿಕೊಂಡವರು ತವರು ತಂಡದ ವಿರುದ್ಧ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಸ್ಪೇನ್‌ನ ಲೀಗ್ ಕುರಿತ ಇನ್ನೊಂದು ಅಧ್ಯಯನ, ತವರು ತಂಡ ಒಂದು ಗೋಲಿನಿಂದ ಹಿಂದಿದ್ದಾಗ ರೆಫರಿಗಳು ಪಂದ್ಯದ ಕೊನೆಯಲ್ಲಿ ಹೆಚ್ಚು ನಿಮಿಷ ಸೇರಿಸುತ್ತಾರೆ, ಮುಂದಿದ್ದಾಗ ಬೇಗ ಮುಗಿಸುತ್ತಾರೆ ಎಂದು ತೋರಿಸಿತು.

ಎನ್‌ಬಿಎ ಬಗ್ಗೆ ಜೋಸೆಫ್ ಪ್ರೈಸ್, ಮಾರ್ಕ್ ರೆಮರ್ ಮತ್ತು ಡೇನಿಯಲ್ ಸ್ಟೋನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಹೆಚ್ಚು ಇಷ್ಟ, ಅದರ ವಿಧಾನಕ್ಕಾಗಿ. ತವರು ತಂಡಕ್ಕೆ ಲಾಭವಾಯಿತು ಎಂದ ಮಾತ್ರಕ್ಕೆ ಅದು ರೆಫರಿಯ ಕೊಡುಗೆ ಎನ್ನಲಾಗದು, ತವರಿನಲ್ಲಿ ಆಟಗಾರರೇ ಚೆನ್ನಾಗಿ ಆಡಿರಬಹುದು. ಹಾಗಾಗಿ ಅವರು ಚೆಂಡು ಕಳೆದುಕೊಳ್ಳುವ ಪ್ರಸಂಗಗಳನ್ನು ಎರಡು ರಾಶಿ ಮಾಡಿದರು. ರೆಫರಿ ವಿವೇಚನೆ ಬಳಸಿ ಕೊಡುವ ತೀರ್ಪುಗಳು ಒಂದು ಕಡೆ, ಕೆಟ್ಟ ಪಾಸ್‌ನಂಥ, ರೆಫರಿಯ ಪಾತ್ರ ಅಷ್ಟಾಗಿ ಇಲ್ಲದವು ಇನ್ನೊಂದು ಕಡೆ. ವಿವೇಚನೆಯ ರಾಶಿಯಲ್ಲಿ ತವರು ತಂಡಕ್ಕೆ, ಆ ಕ್ಷಣಕ್ಕೆ ಹಿಂದಿರುವ ತಂಡಕ್ಕೆ, ಪ್ಲೇ-ಆಫ್ ಸರಣಿಯಲ್ಲಿ ಸೋಲುತ್ತಿರುವ ತಂಡಕ್ಕೆ ಅನುಕೂಲ ಕಂಡಿತು. ಇನ್ನೊಂದು ರಾಶಿಯಲ್ಲಿ ಹಾಗಿರಲಿಲ್ಲ. ಅಂದರೆ ತಕ್ಕಡಿ ವಾಲುವುದು ನಿಯಮ ಸಡಿಲವಾಗಿರುವ ಜಾಗದಲ್ಲಿ. ಚೆಟ್ರಿಯ ಫ್ರೀ ಕಿಕ್ ನಡೆದದ್ದು ಅಂಥದೇ ಜಾಗದಲ್ಲಿ: ತವರಿನ ಮೈದಾನ, ತುಂಬಿದ ಸದ್ದು, ಸೆಕೆಂಡುಗಳ ಲೆಕ್ಕ ಹೇಳದ ನಿಯಮ. ಇದರಿಂದ ಕ್ರಿಸ್ಟಲ್ ಜಾನ್ ವಾಲಿದರು ಎಂದು ಸಾಬೀತಾಗುವುದಿಲ್ಲ, ಒಂದು ಪಂದ್ಯದಿಂದ ಅದು ಎಂದೂ ಸಾಬೀತಾಗದು. ಕೇರಳದವರ ಅನುಮಾನ ಹುಚ್ಚು ಕಲ್ಪನೆಯಲ್ಲ ಎಂಬುದಷ್ಟೇ ಸಾಬೀತಾಗುತ್ತದೆ.

ಎರಡೇ ವಾರದಲ್ಲಿ ಚೆಂಡು ನಮ್ಮ ಅಂಗಳಕ್ಕೆ ಬಂತು. ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ದಾಟಿದ ಬೆಂಗಳೂರು ಮಾರ್ಚ್ 18ರಂದು ಗೋವಾದ ಫಾತೋರ್ಡಾದಲ್ಲಿ ಎಟಿಕೆ ಮೋಹನ್ ಬಾಗನ್ ವಿರುದ್ಧ ಫೈನಲ್ ಆಡಿತು. 78ನೇ ನಿಮಿಷಕ್ಕೆ ರಾಯ್ ಕೃಷ್ಣ ಗೋಲಿನಿಂದ 2-1 ಮುನ್ನಡೆ. 85ನೇ ನಿಮಿಷಕ್ಕೆ ಕಿಯಾನ್ ನಾಸಿರಿ ಮೇಲಿನ ಫೌಲ್‌ಗೆ ಎದುರಾಳಿಗೆ ಪೆನಾಲ್ಟಿ, 2-2. ಶೂಟೌಟ್‌ನಲ್ಲಿ 4-3ರಿಂದ ಸೋಲು. ತಾಗಿದ್ದು ಪೆನಾಲ್ಟಿ ಆವರಣದ ಗೆರೆಯ ಹೊರಗೆ ಎಂಬುದು ಬೆಂಗಳೂರಿನವರ ದೂರು. ಕ್ಲಬ್ಬಿನ ಮಾಲೀಕ ಪಾರ್ಥ್ ಜಿಂದಾಲ್ ಅಂದೇ ಟ್ವೀಟ್ ಮಾಡಿ, ಲೀಗ್‌ಗೆ ವಿಡಿಯೊ ನೆರವಿನ ರೆಫರಿ ವ್ಯವಸ್ಥೆ, ಅಂದರೆ ವಿಎಆರ್ ಬರಲೇಬೇಕು, ಇಂಥ ತೀರ್ಪುಗಳು ದೊಡ್ಡ ಪಂದ್ಯಗಳನ್ನು ಕೆಡಿಸುತ್ತಿವೆ ಎಂದರು. ಮಾರ್ಚ್ 3ರ ರಾತ್ರಿ ನಿಯಮ 13ರ ಪುಟ ತೆರೆದು ಕೇರಳದವರಿಗೆ ಪಾಠ ಹೇಳಿದ ನನ್ನ ಗೆಳೆಯರೇ 18ರ ರಾತ್ರಿ ಅನ್ಯಾಯ ಎಂದು ಕೂಗುತ್ತಿದ್ದರು. ಭಾವನ ಸಂದೇಶ ಆ ದಿನವೂ ಬಂತು. ನಗುವಿನ ಚಿತ್ರ ಮಾತ್ರ, ಮಾತೇ ಇರಲಿಲ್ಲ.

ವಿಎಆರ್ ಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. ಫಾತೋರ್ಡಾದ ಪ್ರಶ್ನೆ ವಾಸ್ತವದ್ದು. ಕಾಲು ತಾಗಿದ್ದು ಗೆರೆಯ ಒಳಗೋ ಹೊರಗೋ? ಅದನ್ನು ಕ್ಯಾಮೆರಾ ಹೇಳಬಲ್ಲದು. ಕಡಿಮೆ ಕ್ಯಾಮೆರಾಗಳಲ್ಲಿ ಕೆಲಸ ಮಾಡುವ ‘ವಿಎಆರ್ ಲೈಟ್’ ಎಂಬ ಅಗ್ಗದ ವ್ಯವಸ್ಥೆಯೂ ಇದೆ, ಹಣದ ನೆಪ ಬಹಳ ದಿನ ನಡೆಯದು. ಆದರೆ ಕಂಠೀರವದ ಪ್ರಶ್ನೆಗೆ ವಿಎಆರ್ ಬಳಿ ಏನೂ ಇಲ್ಲ. ರೆಫರಿ ತಾನೇ ಅನುಮತಿ ಕೊಟ್ಟಿದ್ದಾರೆ. ಕೊಟ್ಟೆ ಎಂದು ಅವರೇ ಹೇಳುತ್ತಿದ್ದಾರೆ. ನಾಲ್ಕು ಕೋನಗಳಿಂದ ತಿರುತಿರುಗಿ ನೋಡಿದರೂ ಕಾಣುವುದು ತುಟಿ ಅಲುಗಾಡಿದ್ದು ಮಾತ್ರ. ಎಲ್ಲ ವಿವಾದಕ್ಕೂ ಯಂತ್ರ ಮದ್ದು ಎನ್ನುವ ನಮ್ಮಂಥ ಎಂಜಿನಿಯರುಗಳು ಇದನ್ನು ಗಮನಿಸಬೇಕು. ಅಲ್ಲಿ ಬೇಕಿದ್ದದ್ದು ಚಿತ್ರವಲ್ಲ, ಧ್ವನಿ.

ಕ್ರಿಕೆಟ್ ಈ ದಾರಿಯನ್ನು ಅರ್ಧ ನಡೆದು ಮುಗಿಸಿದೆ. ದೆಹಲಿಯಲ್ಲಿರುವ ಕನ್ನಡಿಗನಿಗೆ ಮರೆಯಲಾಗದ ಉದಾಹರಣೆ ಇಲ್ಲಿಯ ಫಿರೋಜ್ ಷಾ ಕೋಟ್ಲಾದ್ದು. 1999ರ ಫೆಬ್ರುವರಿ 7, ಪಾಕಿಸ್ತಾನದ ವಿರುದ್ಧ ಅನಿಲ್ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ಪಡೆದ ದಿನ. ಆ ಹತ್ತು ವಿಕೆಟ್ ಬಿದ್ದ ತುದಿಯಲ್ಲಿ ಅಂಪೈರ್ ಆಗಿ ನಿಂತಿದ್ದವರು ಎ.ವಿ. ಜಯಪ್ರಕಾಶ್, ಅವರೂ ಕರ್ನಾಟಕದವರೇ, ರಾಜ್ಯಕ್ಕೆ ರಣಜಿ ಆಡಿದವರು. ಇನ್ನೊಂದು ತುದಿಯಲ್ಲಿ ವೆಸ್ಟ್ ಇಂಡೀಸ್‌ನ ಸ್ಟೀವ್ ಬಕ್ನರ್. ಆಗಿನ ಪದ್ಧತಿಯೇ ಹಾಗೆ, ಒಬ್ಬ ಹೊರಗಿನವರು, ಒಬ್ಬ ಆತಿಥೇಯ ದೇಶದವರು. ಪಾಕಿಸ್ತಾನದ ಪಾಳಯದಲ್ಲಿ ಗೊಣಗಾಟ ಎದ್ದಿತ್ತು, ಶಾಹಿದ್ ಅಫ್ರಿದಿ ಚೆಂಡು ಬ್ಯಾಟಿಗೆ ತಾಗಿರಲಿಲ್ಲ ಎಂದೇ ಹೇಳುತ್ತ ಬಂದರು. ನಮಗೆ ಅದು ಸೋತವರ ಗೊಣಗಾಟ. ಜಯಪ್ರಕಾಶ್ ಪ್ರಾಮಾಣಿಕರು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೂ 2002ರಿಂದ ಟೆಸ್ಟ್‌ನಲ್ಲಿ ಇಬ್ಬರೂ ಅಂಪೈರ್‌ಗಳು ಹೊರಗಿನವರಾದರು, ಕೋವಿಡ್ ಕಾಲದ ವಿನಾಯಿತಿ ಬೇರೆ ಮಾತು. ಯಾರೂ ಯಾರನ್ನೂ ಕಳ್ಳ ಎನ್ನಲಿಲ್ಲ. ಅನುಮಾನಕ್ಕೆ ಜಾಗವೇ ಬೇಡ ಎಂದರು ಅಷ್ಟೆ. ಆಮೇಲೆ ತೀರ್ಪು ಮರುಪರಿಶೀಲನೆ ಬಂತು, ಅದರ ಜೊತೆಗೆ ಥರ್ಡ್ ಅಂಪೈರ್ ಧ್ವನಿ ನಮ್ಮ ಮನೆಗೇ ಬಂತು. ಬ್ಯಾಟಿಗೆ ತಾಗಿದೆಯೇ ನೋಡೋಣ, ಈಗ ಚೆಂಡಿನ ಜಾಡು ತೋರಿಸಿ ಎಂದು ಅವರು ಒಂದೊಂದೇ ಹೆಜ್ಜೆ ಹೇಳುತ್ತ ಹೋಗುವುದನ್ನು ಅಜ್ಜಿಯೂ ಕೇಳುತ್ತಾರೆ. ತೀರ್ಪು ತಪ್ಪೆನಿಸಿದರೂ ಎಲ್ಲಿ ತಪ್ಪಿತು ಎಂದು ಗೊತ್ತಾಗುತ್ತದೆ.

ಫುಟ್‌ಬಾಲ್ ಈ ವಿಷಯದಲ್ಲಿ ಬಾಯಿ ಬಿಗಿಹಿಡಿದ ಆಟ. ರೆಫರಿ ಕಾರಣ ಹೇಳಬೇಕಿಲ್ಲ, ಆಟದ ವಾಸ್ತವಾಂಶಗಳ ಬಗ್ಗೆ ಅವರ ತೀರ್ಮಾನವೇ ಅಂತಿಮ ಎನ್ನುತ್ತದೆ 5ನೇ ನಿಯಮ. ಈಗೀಗ ಫಿಫಾ ಕೂಡ ಸ್ವಲ್ಪ ಬದಲಾಗುತ್ತಿದೆ. 2023ರ ಫೆಬ್ರುವರಿಯಲ್ಲಿ ಮೊರಾಕ್ಕೊದಲ್ಲಿ ನಡೆದ ಕ್ಲಬ್ ವಿಶ್ವಕಪ್‌ನಲ್ಲಿ ವಿಎಆರ್ ತೀರ್ಪುಗಳನ್ನು ರೆಫರಿಯೇ ಮೈಕಿನಲ್ಲಿ ಕ್ರೀಡಾಂಗಣಕ್ಕೆ ಹೇಳುವ ಪ್ರಯೋಗ ನಡೆಯಿತು. ಇನ್ನು ಎನ್‌ಬಿಎ 2015ರಿಂದ, ಹತ್ತಿರದ ಪೈಪೋಟಿಯ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳನ್ನು ಒಂದೊಂದಾಗಿ ಪರಿಶೀಲಿಸಿ, ಇದು ಸರಿ, ಇದು ತಪ್ಪು, ಇಲ್ಲಿ ಫೌಲ್ ಕೊಡಬೇಕಿತ್ತು ಎಂದು ಮರುದಿನ ಪ್ರಕಟಿಸುತ್ತಿದೆ. ಫಲಿತಾಂಶ ಬದಲಾಗದು. ರೆಫರಿಗಳ ಸಂಘಕ್ಕೆ ಇದು ಹಿಡಿಸಿಲ್ಲ. ನಮ್ಮನ್ನು ಬೀದಿಗೆ ತಂದು ನಿಲ್ಲಿಸುವುದರಿಂದ ಆಟ ಸುಧಾರಿಸುವುದಿಲ್ಲ ಎಂಬುದು ಅವರ ದೂರು, ಅದರಲ್ಲಿ ಅರ್ಥವಿದೆ. ಭಾರತದಲ್ಲಂತೂ ತಪ್ಪು ಒಪ್ಪಿಕೊಂಡ ರೆಫರಿಯನ್ನು ಸಾಮಾಜಿಕ ಜಾಲತಾಣದಲ್ಲಿ ಹೇಗೆ ಹರಿದು ಹಾಕುತ್ತಾರೆ ಎಂದು ಊಹಿಸಬಹುದು; ಏನೂ ತಪ್ಪು ಮಾಡದ ಚೆಟ್ರಿಗೇ ಎಷ್ಟು ಬೈಗುಳ ಬಿದ್ದಿದೆ ನೋಡಿ. ಹಾಗಿದ್ದರೆ ರೆಫರಿಯ ಹೆಸರು ಬಿಟ್ಟು ತೀರ್ಪನ್ನು ಮಾತ್ರ ವಿವರಿಸಲಿ. ನಾನು ಹಿಂದೆ ದುಡಿದ ಒಂದು ಕಂಪನಿಯಲ್ಲಿ ವರ್ಷದ ಕೊನೆಗೆ ದರ್ಜೆ ಹೇಳುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ಕಡಿಮೆ ದರ್ಜೆ ಸಿಕ್ಕವರೆಲ್ಲ ಮ್ಯಾನೇಜರ್‌ನ ಊರು, ಭಾಷೆ ಹುಡುಕಲು ಶುರು ಮಾಡುತ್ತಿದ್ದರು. ಕೆಲವೊಮ್ಮೆ ಅದು ನಿಜವೂ ಇದ್ದೀತು, ತಿಳಿಯುವ ದಾರಿಯೇ ಇರಲಿಲ್ಲ.

ಫೆಡರೇಷನ್ನಿನ ಕಚೇರಿ ಫುಟ್‌ಬಾಲ್ ಹೌಸ್ ಇರುವುದು ಇದೇ ದೆಹಲಿಯ ದ್ವಾರಕಾದಲ್ಲಿ. ಅಲ್ಲಿ ಕುಳಿತವರಿಗೆ ಇದು ದೊಡ್ಡ ಕೆಲಸವಲ್ಲ. 2022-23ರ ಋತುವಿನ ಲೀಗ್ ಹಂತದಲ್ಲಿ 110 ಪಂದ್ಯ, ಪ್ಲೇ-ಆಫ್‌ನಲ್ಲಿ ಏಳು ಇದ್ದವು. ಎನ್‌ಬಿಎಯಲ್ಲಿ ಪ್ಲೇ-ಆಫ್ ಬಿಟ್ಟು ಸಾಮಾನ್ಯವಾಗಿ 1,230. ನಮ್ಮ 117 ಪಂದ್ಯಗಳ ಎಲ್ಲ ಪೆನಾಲ್ಟಿ, ಕೆಂಪು ಕಾರ್ಡ್, ವಿವಾದಿತ ಗೋಲುಗಳನ್ನು ಪರಿಶೀಲಿಸಿ, ತವರು ತಂಡಕ್ಕೆಷ್ಟು, ಅತಿಥಿ ತಂಡಕ್ಕೆಷ್ಟು, ತಪ್ಪಾದವು ಯಾವ ಕಡೆಗೆ ಎಂದು ಪಟ್ಟಿ ಮಾಡಲು ನಾಲ್ಕು ಜನ ನಿವೃತ್ತ ರೆಫರಿಗಳು ಮತ್ತು ಒಂದು ಸ್ಪ್ರೆಡ್‌ಶೀಟ್ ಸಾಕು. ವಾಲಿದೆಯೋ ಇಲ್ಲವೋ ಎಂಬ ಜಗಳ ಆಗ ಅಂಕಿಗಳ ಮೇಲೆ ನಡೆಯುತ್ತದೆ. ವಾಲಿಲ್ಲ ಎಂದೇ ಹೊರಬಂದರೆ ಅದರ ಮೊದಲ ಫಲಾನುಭವಿ ಕ್ರಿಸ್ಟಲ್ ಜಾನ್. ವಸೂಲಾಗುವ 4 ಕೋಟಿಯಲ್ಲಿ ಒಂದು ಪಾಲು ಇದಕ್ಕೆ ಖರ್ಚಾದರೆ ಕೇರಳದವರೂ ಬೇಡ ಎನ್ನಲಾರರು.

ಮೈದಾನದೊಳಗಿನ ಪರಿಹಾರ ಇನ್ನೂ ಸರಳ. ಗೋಲಿನ ಹತ್ತಿರದ ಫ್ರೀ ಕಿಕ್‌ನಲ್ಲಿ ಬೇಗನೆ ಒದೆಯಲು ಅನುಮತಿ ಕೊಟ್ಟಾಗ ರೆಫರಿ ಕೈ ಎತ್ತಿ ಒಂದು ನಿಗದಿತ ಸನ್ನೆ ಮಾಡಲಿ. ವಿಸಿಲ್‌ಗೆ ಕಾಯಿರಿ ಎನ್ನಲು ರೆಫರಿಗಳು ವಿಸಿಲ್ಲನ್ನು ಎತ್ತಿ ತೋರಿಸುವ ರೂಢಿ ಈಗಲೇ ಇದೆ, ಅದರ ವಿರುದ್ಧದ್ದಕ್ಕೂ ಒಂದು ಇರಲಿ. ಬೇಗ ಒದೆಯುವ ತಂಡದ ಅನುಕೂಲ ಸ್ವಲ್ಪ ಕಡಿಮೆಯಾಗುತ್ತದೆ ನಿಜ, ಆದರೆ ಆ ಸನ್ನೆ ಗೋಲ್‌ಕೀಪರ್‌ಗೂ ಕಾಣುತ್ತದೆ, ಕ್ಯಾಮೆರಾಕ್ಕೂ ಕಾಣುತ್ತದೆ.

16ರಂದು ವುಕೊಮನೊವಿಚ್ ಬೆಂಚಿನಲ್ಲಿ ಇರಲಿಲ್ಲ, ನಿಷೇಧ ಸೂಪರ್ ಕಪ್‌ಗೂ ಅನ್ವಯಿಸಿತ್ತು. ಅಂದು ವಿಸಿಲ್ ಯಾರ ಕೈಯಲ್ಲಿತ್ತೋ, ಆ ರೆಫರಿಯ ಬೆನ್ನ ಮೇಲೆ ಮಾರ್ಚ್ 3ರ ಭಾರವೂ ಇತ್ತು. ಸದ್ದಿನ ಅಧ್ಯಯನ ನಿಜವಾದರೆ ಈ ಬಾರಿ ಅದು ಹಳದಿ ಕಡೆಗೆ ತಳ್ಳಬೇಕಿತ್ತು. ಭಾವ ರೈಲಿನಲ್ಲಿ ಕೋಯಿಕ್ಕೋಡಿಗೆ ಹೊರಟಿದ್ದರು. ಬೆಂಗಳೂರಿನ ವಿರುದ್ಧ ಒಂದು ಅನುಮಾನದ ಪೆನಾಲ್ಟಿ ಸಿಕ್ಕಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಅದು ರೆಫರಿಯ ವಿವೇಚನೆ ಅಲ್ವಾ ಮಾರಾಯ” ಎಂದರು.